ಬೆಲ್ಲನನ್ನು ಕಳಿಸುವ ಮುನ್ನ

"ನಾಯಿ ನೋಡಾಕೆ ಬಂದ್ರಾ... ನನ್ನ ನೋಡಾಕೆ ಬಂದ್ರಾ?"

ಬಾಗಿಲಲ್ಲೇ ನಿಂತು ಕೇಳಿದಳು ಸರ್ವಮಂಗಳ. ಅಂಗಳದಲ್ಲಿದ್ದವನು ಅವಳ ಗಂಡ ಬಕ್ಕೇಶ. ಎರಡು ವರ್ಷದ ಮೇಲೆ ಮುಖಾಮುಖಿ! ಹರಿಹರದ ಕಾರ್ಖಾನೆಯಿಂದ ನೇರ ಬಸ್ಸು ಹತ್ತಿದ್ದನೆಂದು ಅಂಗಿಯ ಎಣ್ಣೆ ಕಲೆಯೇ ಹೇಳುತ್ತಿತ್ತು.

"ಬೆಲ್ಲ ಎಲ್ಲೈತೆ?" ಎಂದನಷ್ಟೆ.

ಅವಳು ಹಿತ್ತಲ ಕಡೆ ಕೈ ತೋರಿದಳು. 'ನಾಯಿಗಾಗಿ ಓಡಿ ಬಂದರು... ನನ್ನ ಕೂಸು ಹುಟ್ಟುತ್ತಲೇ ಕಣ್ಣು ಮುಚ್ಚಿದಾಗ ಎಲ್ಲಿದ್ದರು?'

ಮದುವೆಯಾದ ವರ್ಷ, ಐವತ್ತಾರನೇ ಇಸವಿಯಲ್ಲಿ, ಅವನೇ ತಂದುಕೊಟ್ಟ ಮರಿ ಅದು. ಬೆಲ್ಲದ ಬಣ್ಣ, ಅದೇ ಹೆಸರು. ಅವಳು ಹೆರಿಗೆಗೆಂದು ಶಾಮನೂರಿನ ತವರಿಗೆ ಬಂದಾಗ ಅದೂ ಜೊತೆಗೆ ಬಂದಿತ್ತು. ಕೂಸು ಹೋಯಿತು. ಗಂಡ ಬರಲಿಲ್ಲ. ಅವಳೂ ಹೋಗಲಿಲ್ಲ. ಆಗೆಲ್ಲ ಅವಳ ಮಂಚದ ಕೆಳಗಿನಿಂದ ಕದಲದೆ ಮಲಗಿದ್ದು ಬೆಲ್ಲ ಮಾತ್ರ.

ಈಗ ಅದರ ಗಂಟಲಲ್ಲಿ ಗಡ್ಡೆ. ದಾವಣಗೆರೆಯ ದನದ ಡಾಕ್ಟರು ವಾಮದೇವಪ್ಪ ನೋಡಿ, "ಇದು ವಾಸಿ ಆಗಂಗಿಲ್ಲವ್ವ. ಸೂಜಿ ಮಾಡಿದ್ರೆ ನೋವಿಲ್ದಂಗೆ ಹೋಗ್ತೈತೆ. ಮನೆಯವ್ರು ಮಾತಾಡ್ಕೊಂಡು ಹೇಳ್ರಿ" ಎಂದಿದ್ದರು.

ಮನೆಯವರು! ಆ ಮಾತಿಗೆ ಅವಳಿಗೆ ನೆನಪಾದದ್ದು ಇವನೊಬ್ಬನೇ. ಅದಕ್ಕೇ ಹೇಳಿ ಕಳಿಸಿದ್ದಳು.

ಹಿತ್ತಲಲ್ಲಿ ಗೋಣಿಚೀಲದ ಮೇಲಿದ್ದ ಬೆಲ್ಲ ಅವನನ್ನು ಕಂಡು ಬಾಲ ಆಡಿಸಿತು. ಬಕ್ಕೇಶ ಅಂಗೈಯಲ್ಲಿ ಹಾಲು ಹಿಡಿದ. ನೆಕ್ಕಿತು... ನುಂಗಲಾಗದೆ ನರಳಿತು. ಹಾಲು ರಕ್ತ ಬೆರೆತು ಅವನ ಕೈಗೇ ವಾಪಸು ಬಂತು.

"ಇನ್ನೊಂದು ವಾರ ನೋಡೋಣೇನು?" ಕೈ ಒರೆಸಿಕೊಳ್ಳದೆಯೇ ಕೇಳಿದ.

"ನೋಡೋಣ ಅನ್ನೋರು ನೀವು. ಇದರ ನರಳಾಟ ಕೇಳೋಳು ನಾನು!" ಎಂದಳು ಅವಳು. "ನಮಗೆ ಬಿಟ್ಟಿರಾಕೆ ಆಗಲ್ಲ ಅಂತ ಇದನ್ನ ನರಳಿಸಬ್ಯಾಡ್ರಿ. ಆದ್ರೆ... ಹೂಂ ಅನ್ನಾಕೆ ನನ್ನೊಬ್ಬಳ ಕೈಲಿ ಆಗ್ತಿಲ್ಲ."

ಅವನು ಬಹಳ ಹೊತ್ತು ಬೆಲ್ಲನ ಕಿವಿ ಸವರುತ್ತ ಕೂತ.

"ಹೂಂ... ನಾಳೆ ಡಾಕ್ಟ್ರಿಗೆ ಬರಾಕೆ ಹೇಳ್ತೀನಿ."

ಮರುದಿನ ಬೆಳಿಗ್ಗೆ ಅವಳು ಬಿಸಿನೀರಲ್ಲಿ ಬಟ್ಟೆ ಅದ್ದಿ ಬೆಲ್ಲನ ಮೈ ಒರೆಸುತ್ತಿದ್ದಳು. ಅವನು ಹೊಂಗೆಯ ಕೆಳಗೆ ಗುಂಡಿ ತೋಡುತ್ತಿದ್ದ. ಇದ್ದಕ್ಕಿದ್ದಂತೆ ಗುದ್ದಲಿಯ ಸದ್ದು ನಿಂತಿತು. ತಿರುಗಿ ನೋಡಿದರೆ ಅವನು ಬಿಕ್ಕುತ್ತಿದ್ದ!

"ಅವತ್ತೂ ಹಿಂಗೇ ಅಗೆದಿದ್ದೆ ಮಂಗಳಾ..."

"ಯಾವತ್ತು?"

"ನಮ್ಮ ಕೂಸಿಗೆ. ಬಾತಿ ಊರಿನ ನಮ್ಮ ಹೊಲದಾಗೆ. ನಿನಗೆ ಎಚ್ಚರ ಇರಲಿಲ್ಲ. ಬಾಣಂತಿಗೆ ಏನೂ ಹೇಳಬ್ಯಾಡ್ರಿ ಅಂದ್ರು ನಿಮ್ಮನೇಲಿ. ಕೂಸಿನ ಮ್ಯಾಲೆ ಮಣ್ಣು ಹಾಕಿದ ಕೈ ಇಟ್ಕೊಂಡು ನಿನ್ನ ಮುಂದೆ ಹೆಂಗೆ ಬರ್ಲಿ? ಆಮೇಲೆ ನೀನೂ ಕರೀಲಿಲ್ಲ. ನನ್ನ ಮುಖನೇ ಬ್ಯಾಡ ಆಗೈತೆ ಅಂದ್ಕೊಂಡೆ."

ಬಂದಿದ್ದರು! ಇಷ್ಟು ದಿನ ಮನಸ್ಸಿನಲ್ಲೇ ಶಪಿಸಿದ ಮನುಷ್ಯ ತನ್ನ ಕೂಸನ್ನು ಎತ್ತಿಕೊಂಡಿದ್ದ!

ಅವಳು ಕೈಲಿದ್ದ ಬಟ್ಟೆ ಬಿಟ್ಟು ಗುಂಡಿಯ ಹತ್ತಿರ ಬಂದಳು.

"ಮುಖ... ಹೆಂಗಿತ್ರಿ?"

"ಗದ್ದ ನಿಂದೇ. ತಲೆ ತುಂಬ ಕೂದಲು. ನನ್ನ ಶಲ್ಯದಾಗೆ ಬೆಚ್ಚಗೆ ಸುತ್ತಿದ್ದೆ."

ಅಂದು ಅಳಲಾಗದ್ದನ್ನೆಲ್ಲ ಅವಳು ಆ ಮಣ್ಣಿನ ಗುಡ್ಡೆಯ ಮೇಲೆ ಕೂತು ಅತ್ತಳು. ಅವನು ಪಕ್ಕದಲ್ಲೇ ಇದ್ದ.

ವಾಮದೇವಪ್ಪ ಬಂದರು. ಬೆಲ್ಲನ ತಲೆ ಅವಳ ಮಡಿಲಲ್ಲಿತ್ತು, ಎದೆಯ ಮೇಲೆ ಅವನ ಕೈ.

"ಮಾಡ್ಲೇನವ್ವ?"

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು.

"ಹೂಂ ರೀ," ಎಂದರು ಇಬ್ಬರೂ.

ಉಸಿರು ನಿಧಾನವಾಯಿತು... ನರಳಾಟ ನಿಂತಿತು. ಎಷ್ಟೋ ದಿನಗಳ ಮೇಲೆ ಬೆಲ್ಲ ನೆಮ್ಮದಿಯಾಗಿ ಮಲಗಿತು. ಬಕ್ಕೇಶನ ಕೈ ಮಾತ್ರ ಆ ಎದೆಯ ಮೇಲಿಂದ ಏಳಲಿಲ್ಲ. ಅವಳೇ ಮೆಲ್ಲಗೆ ಎತ್ತಿದಳು.

ಇಬ್ಬರೂ ಸೇರಿ ಮಣ್ಣು ಮುಚ್ಚಿದ ಮೇಲೆ ಅವಳು ಕೇಳಿದಳು:

"ಸಂಜೆ ಬಸ್ಸಿಗೆ ಹೊರಡ್ತೀರಾ?"

"ನೀನು ಹೇಳಿದಂಗೆ."

"ದಾರೀಲಿ ಬಾತಿ ಬರ್ತೈತಲ್ಲ, ಇಳಿಯೋಣ್ರಿ. ಕೂಸು ಎಲ್ಲೈತೆ... ತೋರಿಸ್ರಿ."

"ಆಮೇಲೆ?"

"ಆಮೇಲೆ ಹರಿಹರಕ್ಕೆ. ನಮ್ಮನೆಗೆ."

ಅವಳು ಅವನ ಕೈ ಹಿಡಿದಳು. ಅವನು ಹಿಂದಕ್ಕೆಳೆದುಕೊಳ್ಳಲು ನೋಡಿದ.

"ಕೈ ಮಣ್ಣಾಗೈತೆ ಮಂಗಳಾ..."

"ನಂದೂ ಆಗೈತೆ, ಬಿಡ್ರಿ."