ಎಂಟು ಮೈಕ್ರಾನ್

ಮೂವತ್ತೆಂಟು ವರ್ಷ ತನ್ನ ಕೈಯಲ್ಲೇ ಓಡಿದ ಗ್ರೈಂಡಿಂಗ್ ಮಷೀನಿನ ಮುಂದಿನಿಂದ ಅವನನ್ನು ಎಬ್ಬಿಸಿದ್ದು ಹೊರಗಿನವರಲ್ಲ, ಒಡಹುಟ್ಟಿದ ಅಣ್ಣ. ಅದೂ ಎಷ್ಟು ನಯವಾಗಿ ಅಂತೀರಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

"ನಿಂಗೂ ವಯಸ್ಸಾಯ್ತಲ್ಲೋ. ಇನ್ನು ಮಗು ನೋಡ್ಕೊಳ್ಳಲಿ. ನೀನು ಪ್ಯಾಕಿಂಗ್ ಕಡೆ ಒಂದು ಕಣ್ಣಿಟ್ಟಿರು, ಸಾಕು."

ಮಗು ಎಂದರೆ ಅಣ್ಣನ ಮಗಳು, ಇಪ್ಪತ್ತಾರು ವರ್ಷದ ಮಗು. ಇಂಜಿನಿಯರಿಂಗ್ ಮುಗಿಸಿ ಕಾರ್ಖಾನೆಗೆ ಕಾಲಿಟ್ಟು ಆರು ತಿಂಗಳಾಗಿತ್ತು. ಪ್ಯಾಕಿಂಗ್ ಕಡೆ ಎಂದರೆ ರಟ್ಟಿನ ಡಬ್ಬಿಗೆ ಟೇಪು ಅಂಟಿಸುವ ಮೂಲೆ. ಹನ್ನೊಂದು ದಿನ ಅವನು ಅಲ್ಲಿ ಕೂತು ಟೇಪು ಅಂಟಿಸಿದ. ಹನ್ನೆರಡನೆಯ ದಿನ ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ವಾಪಸು ತಂದ.

ಉಕ್ಕನ್ನು ಕಲ್ಲಿಗೆ ಉಜ್ಜಿ ಅಳತೆಗೆ ತರುವ ಆ ಮಷೀನನ್ನು ಅಪ್ಪ ಗುಜರಿಯಿಂದ ತಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಇಳಿಸಿದ ದಿನವೇ ಕಾರ್ಖಾನೆ ಹುಟ್ಟಿತ್ತು. ಮಾತು ಬರುವ ಹಿರಿಯವನಿಗೆ ಆಫೀಸು, ಕೆಲಸ ಬರುವ ಕಿರಿಯವನಿಗೆ ಮಷೀನು ಎಂದು ಅಪ್ಪನೇ ಹಂಚಿದ್ದ. ಅಣ್ಣ ಮದುವೆಯಾದ, ಮನೆ ಕಟ್ಟಿಸಿದ. ಇವನು ಎರಡೂ ಮಾಡಲಿಲ್ಲ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಒಂದು ಮೈಕ್ರಾನ್ ಕೂಡ, ಅವನ ಕೈಯಲ್ಲಿ ತಪ್ಪುವುದಿಲ್ಲ ಎಂದು ಕೆಲಸದವರು ಬೆನ್ನ ಹಿಂದೆ 'ಮೈಕ್ರಾನ್ ಮಾಮ' ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ಒಳಗೊಳಗೇ ಹಿಗ್ಗುತ್ತಿದ್ದ. ಆ ಮಷೀನು ಹೋದರೆ ತಾನು ಯಾರೂ ಅಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಗಾದರೂ ಮಾಡಿ ಅಲ್ಲಿಗೆ ವಾಪಸು ಹೋಗಲೇಬೇಕಿತ್ತು.

ದಾರಿಯನ್ನು ಅಣ್ಣನ ಮಗಳೇ ತೋರಿಸಿಕೊಟ್ಟಳು. ಉಸಿರಾಟದ ಯಂತ್ರ ಮಾಡುವ ಕಂಪನಿಗೆ ನೂರಿಪ್ಪತ್ತು ಉಕ್ಕಿನ ಪಿನ್ನು, ಅವಳ ಮೊದಲ ದೊಡ್ಡ ಕೆಲಸ. ಶನಿವಾರ ಸಂಜೆ ಕೊನೆಯ ಪಿನ್ನು ಮುಗಿಸಿ ಟ್ರೇ ಹಿಡಿದು ಬಂದಿದ್ದಳು.

"ಚಿಕ್ಕಪ್ಪ, ಒಂದ್ಸಲ ನೋಡ್ತೀರಾ?"

"ನಂಗ್ಯಾಕಮ್ಮ, ನಾನು ಟೇಪು ಅಂಟಿಸೋನು."

ಅವಳ ಮುಖ ಬಾಡಿತು. ಅವನಿಗೆ ಒಂದು ಗಳಿಗೆ ಪಾಪ ಅನ್ನಿಸಿತು, ಆದರೆ ಒಂದೇ ಗಳಿಗೆ.

ಪಿನ್ನು ಹೇಳಿದ ಅಳತೆಗಿಂತ ಐದು ಮೈಕ್ರಾನ್ ದಪ್ಪಗಿರಬಹುದು, ಐದು ಸಣ್ಣಗಿರಬಹುದು; ಅದರಾಚೆ ಹೋದರೆ ಕಸಕ್ಕೆ. ಅವಳ ಪಿನ್ನುಗಳನ್ನು ಕೆಡಿಸಲು ಅವನು ಎಂಟು ಸಣ್ಣಗೆ ಮಾಡುವುದನ್ನು ಆರಿಸಿಕೊಂಡ. ತಲೆಕೂದಲನ್ನು ಉದ್ದಕ್ಕೆ ಎಂಟೊಂಬತ್ತು ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು. ಇಪ್ಪತ್ತು ಮಾಡಿದರೆ ಯಾರೋ ಬೇಕಂತಲೇ ಕೆಡಿಸಿದರು ಅನ್ನುತ್ತಾರೆ, ಎಂಟಾದರೆ ಅನುಭವ ಸಾಲದು ಅನ್ನುತ್ತಾರೆ. ಜೊತೆಗೆ ಅವಳು ಪಿನ್ನು ಅಳೆಯುವ ಮುಳ್ಳಿನ ಡಯಲ್ಲಿನ ಸೊನ್ನೆಯನ್ನೂ ಅಷ್ಟೇ ಸರಿಸಿಟ್ಟರೆ ಮುಗಿಯಿತು, ಕೆಟ್ಟ ಪಿನ್ನನ್ನೂ ಅದು ಸರಿ ಎಂದೇ ತೋರಿಸುತ್ತದೆ. ಸೊನ್ನೆ ಸರಿಯಾಗಿ ಕೂರಿಸದೆ ಕೆಲಸ ಕೆಡಿಸಿಕೊಳ್ಳುವುದು ಹೊಸಬರೆಲ್ಲ ಮಾಡುವ ತಪ್ಪು. ಕೆಟ್ಟ ಪಿನ್ನುಗಳು ತಪಾಸಣೆಯಲ್ಲೇ ನಿಲ್ಲುತ್ತವೆ, ಯಾವ ರೋಗಿಗೂ ಏನೂ ಆಗುವುದಿಲ್ಲ. ಹುಡುಗಿ ನಾಲ್ಕು ದಿನ ಅಳುತ್ತಾಳೆ, ಅಷ್ಟೇ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ, ರಜೆಯ ಕಾರ್ಖಾನೆಗೆ, ತನ್ನದೇ ಬೀಗದ ಕೈ ಹಾಕಿ ಒಳಹೊಕ್ಕ. ಕೈಗವಸು ಹಾಕಿಕೊಂಡ. ಮಷೀನು ಗುಂಯ್ ಎಂದಾಗ ಅವನ ಕಣ್ಣು ತುಂಬಿ ಬಂತು. ಒಂದೊಂದೇ ಪಿನ್ನು ತೆಗೆದು, ಕಲ್ಲಿಗೆ ತಾಗಿಸಿ, ಅಳೆದು, ಅವಳು ನಂಬರ್ ಬರೆದ ಗುಳಿಯಲ್ಲೇ ವಾಪಸು ಇಟ್ಟ. ಒಂದು ಏಳಕ್ಕೆ ನಿಂತಿತು. ಬಿಡಲು ಮನಸ್ಸು ಒಪ್ಪದೆ ಮತ್ತೆ ಕಲ್ಲಿಗೆ ತಾಗಿಸಿ ಎಂಟಕ್ಕೆ ತಂದ. ನಡು ಹಿಡಿದುಕೊಂಡಿತು, ಬೆವರು ಇಳಿಯಿತು, ಆದರೂ ಹನ್ನೆರಡು ದಿನಗಳಲ್ಲಿ ಮೊದಲ ಬಾರಿ ಅವನು ಮನುಷ್ಯನಂತಿದ್ದ. ಸಂಜೆ ನಾಲ್ಕರ ಹೊತ್ತಿಗೆ ಡಯಲ್ಲು ಸರಿಸಿ, ಉಕ್ಕಿನ ಪುಡಿ ಒರೆಸಿ, ಸ್ಟೂಲನ್ನು ಅವಳಿಟ್ಟ ಜಾಗಕ್ಕೇ ತಳ್ಳಿ ಹೊರಬಿದ್ದ.

ಸೋಮವಾರ ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಕಂಪನಿಯ ತಪಾಸಣೆಯವನು ತನ್ನದೇ ಉಪಕರಣದಲ್ಲಿ ಐದು ಪಿನ್ನು ಅಳೆದು, ಆಗಲ್ಲ ಎಂದು ಅಡ್ಡಡ್ಡ ತಲೆಯಾಡಿಸಿದ.

"ಸೊನ್ನೆ ಒಂದ್ಸಲ ನೋಡಮ್ಮ," ಎಂದ ಇವನು, ಎಷ್ಟು ಬೇಕೋ ಅಷ್ಟೇ ಮೆತ್ತಗೆ.

ನೋಡಿದರೆ ಸೊನ್ನೆ ತಪ್ಪಿತ್ತು. ಮತ್ತೆ ಮಾಡಿಕೊಡಲು ನಾಲ್ಕು ದಿನ ಗಡುವು ಕೊಟ್ಟು ತಪಾಸಣೆಯವನು ಹೋದ. ಅಣ್ಣ ತಮ್ಮನ ಹೆಗಲ ಮೇಲೆ ಕೈಯಿಟ್ಟ. "ತಪ್ಪಾಯ್ತು ಕಣೋ. ನಾಳೆಯಿಂದ ನೀನೇ ಕೂತ್ಕೋ." ಇವನು ಮಷೀನಿನ ಮೇಲೆ ಅಂಗೈಯಿಟ್ಟು ನಿಂತ.

ಹುಡುಗಿ ಅಳಲಿಲ್ಲ. ತಪ್ಪು ಎಲ್ಲಿಂದ ಶುರುವಾಯಿತು ನೋಡಬೇಕು ಎಂದು ಡಯಲ್ಲಿನ ಸೊನ್ನೆ ಸರಿಮಾಡಿಕೊಂಡು, ಮಧ್ಯಾಹ್ನದವರೆಗೆ ನೂರಿಪ್ಪತ್ತು ಪಿನ್ನನ್ನೂ ಅಳೆದು ಬರೆದುಕೊಂಡಳು. ಅಣ್ಣ ಮತ್ತೆ ತಮ್ಮನ ಹೆಗಲ ಮೇಲೆ ಕೈಯಿಟ್ಟುಕೊಂಡು ಗಡುವಿನ ಲೆಕ್ಕ ಹಾಕುತ್ತಿದ್ದಾಗ ಹಾಳೆ ತಂದು ಇಬ್ಬರ ಮುಂದೆ ಇಟ್ಟಳು. ಎಂಟು, ಎಂಟು, ಎಂಟು. ಮೇಲಿಂದ ಕೆಳಗಿನವರೆಗೂ ಎಂಟೇ. "ಸೊನ್ನೆ ತಪ್ಪಿದ್ರೆ ಎಲ್ಲಾನೂ ಸಣ್ಣಗಾಗುತ್ತೆ, ಒಪ್ತೀನಿ ಚಿಕ್ಕಪ್ಪ. ಆದ್ರೆ ಎಲ್ಲಾ ಒಂದೇ ಥರ ಹೇಗಾಗುತ್ತೆ? ನನ್ನ ಕೈಲಿ ಒಂದು ಎರಡು ಜಾಸ್ತಿ ಬರುತ್ತೆ, ಇನ್ನೊಂದು ಮೂರು ಕಮ್ಮಿ ಬರುತ್ತೆ. ಒಂದರ ಹಾಗೆ ಇನ್ನೊಂದು ಮಾಡೋಕೆ ನಂಗಿನ್ನೂ ಬರಲ್ಲ." ಅವಳು ಹಾಳೆಯನ್ನು ಚಿಕ್ಕಪ್ಪನ ಕಡೆ ಸರಿಸಿದಳು. "ಇಷ್ಟು ಚೆನ್ನಾಗಿ ತಪ್ಪು ಮಾಡೋಕೆ ಈ ಕಾರ್ಖಾನೇಲಿ ಬರೋದು ಒಬ್ರಿಗೇ." ಅಣ್ಣ ಹಾಳೆಯನ್ನು ನೋಡಿದ, ತಮ್ಮನನ್ನು ನೋಡಿದ, ಹೆಗಲ ಮೇಲಿನ ಕೈಯನ್ನು ತೆಗೆದುಕೊಂಡ.