ಸ್ಟುಡಿಯೋ ಗಾಜಿನ ಹಿಂದಿನ ಮಹಾರಾಜ

ಆ ಫೋಟೋ ಒಂದು ಇರದಿದ್ದರೆ ಕನಕಲಕ್ಷ್ಮಿಯ ಮದುವೆ ಅರವತ್ತೆರಡರ ಬೇಸಿಗೆಯಲ್ಲೇ ಮುಗಿದುಹೋಗುತ್ತಿತ್ತು.

ಗಂಡಿನ ತಂದೆ ಸತ್ಯಮೂರ್ತಿಗಳು ಲಗ್ನ ಗೊತ್ತುಮಾಡಲೆಂದು ಗೌರಿಬಿದನೂರಿನಿಂದ ಬಂದು ಚಿಂತಾಮಣಿಯಲ್ಲಿ ಬಸ್ಸಿಳಿದಿದ್ದರು. ದಾರಿಯಲ್ಲಿ ಫೋಟೋ ಸ್ಟುಡಿಯೋ. ಗಾಜಿನ ಹಿಂದೆ ನೋಡಿದರೆ, ಅಯ್ಯೋ, ಸೊಸೆಯಾಗಬೇಕಾದವಳೇ! ಪಕ್ಕದಲ್ಲಿ ಪೇಟ ಕಟ್ಟಿ ಮೀಸೆ ತಿರುವಿದ ಮಹಾರಾಜ. ಅವನ ಹೆಗಲಿಗೆ ಇವಳ ತಲೆ. ಯಾವುದೋ ನಾಟಕವೆಂದು ಅವರಿಗೂ ತಿಳಿಯಿತು. ಆದರೆ ಪರಗಂಡಸಿನ ಜೊತೆ ನಾಟಕವೇ? ಬಂದ ಬಸ್ಸಿಗೇ ವಾಪಸು ಹತ್ತಿದರು.

ಪಾಪ, ಅವರದೇನು ತಪ್ಪು? ಮಹಿಳಾ ಸಮಾಜದ ನಾಟಕಕ್ಕೆ ಗಂಡಸರನ್ನು ಒಳಗೆ ಬಿಡುತ್ತಲೇ ಇರಲಿಲ್ಲ. ಆ ಮಹಾರಾಜ ಹೆಣ್ಣುಮಕ್ಕಳ ಸ್ಕೂಲಿನ ಹೊಲಿಗೆ ಟೀಚರ್ ಶ್ಯಾಮಲಮ್ಮ ಎಂಬುದು ಊರ ಹೆಂಗಸರಿಗಷ್ಟೇ ಗೊತ್ತು. ಶಿಡ್ಲಘಟ್ಟದ ಕಡೆಯ ಜಮೀನುದಾರರ ಮಗಳು. ಮದುವೆ ಬೇಡವೆಂದು ಮನೆಯಲ್ಲಿ ಜಗಳವಾಡಿ ಬಂದವಳು. ಕೆಳದನಿಯಲ್ಲಿ ಅವಳು ಹಾಡಿದರೆ, ಕಾಂಪೌಂಡಿನಾಚೆ ಗಂಡಸರು ಸೈಕಲ್ಲು ನಿಲ್ಲಿಸಿಕೊಂಡು ಕೇಳುತ್ತಿದ್ದರು.

ಅವಳು ಬಂದ ಮೇಲೆಯೇ ಚಿಂತಾಮಣಿಯ ಹೆಂಗಸರಿಗೆ ಸಂಜೆ ಎಂಬುದೊಂದು ಸಿಕ್ಕಿದ್ದು. ಒಲೆ ಆರಿಸಿ, ಮಲ್ಲಿಗೆ ಮುಡಿದು, ಗುಂಪುಗುಂಪಾಗಿ ಸಮಾಜಕ್ಕೆ ಹೊರಡುತ್ತಿದ್ದರು. ಮಗಳು ಹಾಡಿದರೆ ಗದರುತ್ತಿದ್ದ ತಾಯಂದಿರೇ ಮಹಾರಾಜನ ಹಾಡನ್ನು ಗುನುಗುತ್ತಾ ಹಿಟ್ಟು ರುಬ್ಬುತ್ತಿದ್ದರು. ಸ್ಟೇಜ್ ಹತ್ತುತ್ತೇವೆಂದು ಹುಡುಗಿಯರು ಸಾಲುಗಟ್ಟಿದರು. ಅವರಿಗೆಲ್ಲ ಹಾಡು ಕಲಿಸುವವಳು ಕನಕ, ನಾಟಕದ ರಾಣಿ. ಕಾಡಿಗೆಯಲ್ಲಿ ಮಹಾರಾಜನ ಮೀಸೆ ಬರೆಯುವವಳೂ ಅವಳೇ.

"ಕಚಗುಳಿ ಆಗ್ತದೆ ಕಣೇ, ಬೇಗ ಬರಿ."

"ಅಲ್ಲಾಡ್ಬೇಡಿ ಮಹಾರಾಜರೇ. ಸೊಟ್ಟ ಆಗುತ್ತೆ."

"ಆಗ್ಲಿ ಬಿಡು. ಅಳಿಸಿ ಇನ್ನೊಂದ್ಸಲ ಬರೆಯೋವಂತೆ."

ಕನಕಳ ಬೆರಳು ಅಲ್ಲೇ ನಿಂತುಬಿಡುತ್ತಿತ್ತು. ಶ್ಯಾಮಲಳ ಉಸಿರು ಬೆರಳಿಗೆ ಬೆಚ್ಚಗೆ ತಾಗುತ್ತಿತ್ತು. ಇಬ್ಬರೂ ಕಣ್ಣೆತ್ತುತ್ತಿದ್ದರು, ಇಬ್ಬರೂ ಒಟ್ಟಿಗೇ ತಗ್ಗಿಸುತ್ತಿದ್ದರು. ಅದಕ್ಕೆ ಹೆಸರೇನೆಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆ ಫೋಟೋದ ಕಾರಣಕ್ಕೆ ಸಂಬಂಧ ಬೇಡವೆಂದು ಗೌರಿಬಿದನೂರಿನಿಂದ ಕಾಗದ ಬಂದಾಗ ಕನಕ ಒಳಗೊಳಗೇ ಹಿಗ್ಗಿದಳು. ತಾಯಿ ಜಾನಕಮ್ಮ ಬಿಡಬೇಕಲ್ಲ! ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿದಾಕೆ. "ಅಷ್ಟೇ ತಾನೇ? ಅವ್ರನ್ನ ಮತ್ತೆ ಕರೆಸಣ. ಶ್ಯಾಮಲನ್ನ ಮುಂದೆ ನಿಲ್ಲಿಸಿದ್ರೆ ಆಯ್ತು, ಮೀಸೆ ಎಲ್ಲಿದೆ ಅಂತ ಅವ್ರೇ ಹುಡುಕ್ಲಿ!"

ಕನಕ ಸ್ಕೂಲಿಗೆ ಓಡಿದಳು. "ದಮ್ಮಯ್ಯ ಅಂತೀನಿ, ಬರ್ಬೇಡಿ. ನಿಜ ಗೊತ್ತಾದ್ರೆ ಮದುವೆ ಮಾಡ್ಬಿಡ್ತಾರೆ."

ಶ್ಯಾಮಲ ಹೊಲಿಗೆಯಿಂದ ತಲೆಯೆತ್ತಲಿಲ್ಲ. "ಊರು ನಿನ್ನ ಬಗ್ಗೆ ಏನೇನೋ ಆಡ್ಕೋತಿದೆ ಕನಕ. ನನ್ನಿಂದ ನಿನ್ನ ಬಾಳು ಹಾಳಾಗೋದು ಬೇಡ."

"ಅಂದ್ರೆ ನಾನು ಹೋದ್ರೆ ನಿಮ್ಗೇನೂ ಅನ್ಸಲ್ವಾ?"

ಶ್ಯಾಮಲ ಮೆಷಿನ್ನನ್ನು ಇನ್ನೂ ಜೋರಾಗಿ ತುಳಿದಳು. ಕನಕ ದಾರಿಯುದ್ದಕ್ಕೂ ಅಳುತ್ತಾ ಮನೆಗೆ ಬಂದಳು.

ಸತ್ಯಮೂರ್ತಿಗಳು ಬಂದರು. ಪಡಸಾಲೆಯಲ್ಲಿ ಶ್ಯಾಮಲ ಸಾದಾ ನೂಲಿನ ಸೀರೆಯುಟ್ಟು ಕೈಕಟ್ಟಿ ನಿಂತಿದ್ದಳು.

"ಆ ಫೋಟೋದಲ್ಲಿರೋದು ನಾನೇ ಸ್ವಾಮಿ."

ಸತ್ಯಮೂರ್ತಿಗಳು ಕನ್ನಡಕ ಒರೆಸಿಕೊಂಡು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಲಾ ಇದರ! ಒಳ್ಳೇ ಬೇಸ್ತು ಬಿದ್ನಲ್ಲಪ್ಪ! ಹಂಗಾದ್ರೆ ಎಲ್ಲಾ ಬರೀ ನಾಟಕ?"

"ಹೌದು ಸ್ವಾಮಿ. ಬರೀ ನಾಟಕ."

ಮೈಕಿಲ್ಲದೆ ಸಭೆಯನ್ನೇ ತುಂಬುತ್ತಿದ್ದ ಆ ದನಿ, ಅಡುಗೆಮನೆಯ ಬಾಗಿಲಲ್ಲಿದ್ದ ಕನಕಳಿಗೆ ಕೇಳಿಸಿಯೂ ಕೇಳಿಸದಂತಿತ್ತು. ಅವಳು ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟು ಪಡಸಾಲೆಗೆ ಬಂದಳು.

"ಅವ್ರಿಗೆ ಅದು ನಾಟಕ ಇರ್ಬೋದು. ನಂಗಲ್ಲ."

"ಏನೇ ಅದು ಮಾತು?" ಜಾನಕಮ್ಮ ಗಾಬರಿಯಾದಳು.

"ನಿಜ ಕಣಮ್ಮ. ಆ ಫೋಟೋದಲ್ಲಿ ನಾನು ನೋಡ್ತಿದ್ದದ್ದು ಯಾವ ಮಹಾರಾಜನ್ನೂ ಅಲ್ಲ, ಇವರನ್ನ. ನನ್ನ ಮನಸ್ಸೆಲ್ಲ ಇವರ ಮೇಲಿದೆ. ಹಿಂಗಿಟ್ಕೊಂಡು ಇನ್ನೊಬ್ರ ಮನೆ ಹೆಂಗೆ ತುಂಬ್ಲಿ?"

ಸತ್ಯಮೂರ್ತಿಗಳಿಗೆ ಎಷ್ಟು ಅರ್ಥವಾಯಿತೋ ದೇವರೇ ಬಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಮೊದ್ಲೇ ಹೇಳಿದ್ದು ಒಳ್ಳೇದಾಯ್ತಮ್ಮ" ಎಂದಷ್ಟೇ ಹೇಳಿ ಹೊರಟುಹೋದರು. ಜಾನಕಮ್ಮ ಸೆರಗು ಬಾಯಿಗಿಟ್ಟುಕೊಂಡು ಕುಸಿದಳು. ಶ್ಯಾಮಲ ಸರಸರನೆ ಬೀದಿಗಿಳಿದಳು. ಕನಕ ಹಿಂದೆಯೇ ಓಡಿ ಕೈ ಹಿಡಿದಳು.

"ಏನು ಮಾಡ್ಕೊಂಡೆ ಹುಚ್ಚಿ?" ಶ್ಯಾಮಲಳ ಕೆನ್ನೆಯೆಲ್ಲ ಒದ್ದೆ.

"ನಂದು ನಾನು ಹೇಳಾಯ್ತು. ಈಗ ನೀವು ಹೇಳಿ."

"ಏನು ಹೇಳ್ಲೇ? ಸ್ಟೇಜ್ ಮೇಲೆ ಒಂದಿನಾನೂ ನಾಟಕ ಆಡಿರ್ಲಿಲ್ಲ ಕಣೇ. ಆಡಿದ್ದು ಈಗ, ನಿಮ್ಮ ಪಡಸಾಲೇಲಿ. ಜೀವ ಹೋದಂಗಾಯ್ತು."

ಸಂಜೆಯಾಗುತ್ತಿತ್ತು. ಮಲ್ಲಿಗೆ ಮುಡಿದ ಹೆಂಗಸರು ಸಮಾಜದ ಕಡೆ ಹೊರಟವರು, ಇವರನ್ನು ನೋಡಿ ನಿಧಾನಿಸಿದರು. ಇಬ್ಬರಿಗೂ ಅದರ ಪರಿವೆಯೇ ಇರಲಿಲ್ಲ.

ಬಾಗಿಲಲ್ಲಿ ಜಾನಕಮ್ಮ ನಿಂತಿದ್ದಳು. ಕಣ್ಣು ಕೆಂಪಗಿತ್ತು, ದನಿಯಲ್ಲಿ ಸಿಟ್ಟಿನ್ನೂ ಆರಿರಲಿಲ್ಲ.

"ಬೀದೀಲಿ ನಿಂತು ಊರಿಗೆಲ್ಲ ತೋರಿಸ್ಬೇಡಿ. ಬನ್ನಿ ಒಳಗೆ."

ಶ್ಯಾಮಲ ಕೈ ಬಿಡಿಸಿಕೊಂಡು ಹಿಂದೆ ಸರಿದಳು.

"ನಿಂಗೂ ಸೇರ್ಸೇ ಹೇಳಿದ್ದಮ್ಮ," ಎಂದಳು ಜಾನಕಮ್ಮ. "ಇಬ್ರೂ ಬನ್ನಿ."