‘ಗೊತ್ತಿಲ್ಲ’ ಎಂದು ಬರೆದವನು

“ಗಂಡನ ಹೆಸರೇನಮ್ಮಾ?”

ಪಾಪಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅದೂ ನೆನಪಿಲ್ಲ! ರವೀಶ್, ‘ಗೊತ್ತಿಲ್ಲ’ ಅಂತ ಬರ್ಕೊಳ್ಳಿ,” ಎಂದರು ಡಾಕ್ಟರು.

ವರ್ಷಾಳಿಗೆ ಮೈ ಉರಿದುಹೋಯಿತು. ಅವ್ವ ಊಟ, ನಿದ್ದೆ ಬಿಟ್ಟು ಮೂರು ತಿಂಗಳು. ದೆವ್ವ ಎಂದವರ, ಮಾಟ ಎಂದವರ ಬಾಯಿ ಮುಚ್ಚಿಸಿ, ಕೊಣನೂರಿನಿಂದ ಹಾಸನದ ಈ ಮನೋವೈದ್ಯರ ಹತ್ತಿರ ಕರೆತಂದಿದ್ದಳು. ಇದಕ್ಕಾ?

“ಸಾ, ಅವ್ವಂಗೆ ಗೊತ್ತು! ನಮ್ ಕಡೆ ಎಂಗಸ್ರು ಗಂಡನ ಹೆಸ್ರು ಬಾಯಲ್ಲಿ ತರಲ್ಲ...”

“ನಿನ್ನನ್ನ ಕೇಳಿದ್ನಾ?”

ಅವಳು ಮೂಲೆಯ ಮೇಜಿನಲ್ಲಿದ್ದ ಸಹಾಯಕನ ಕಡೆ ತಿರುಗಿದಳು. ಚೀಟಿ ಕೊಡುವಾಗ, ತಾನು ಚನ್ನರಾಯಪಟ್ಟಣದವನು ಎಂದು ನಕ್ಕಿದ್ದ. ಆ ನಗು ಅವಳಿಗೆ ಹಿಡಿಸಿತ್ತು ಕೂಡ.

“ನೀವಾದ್ರೂ ಹೇಳ್ರೀ! ನಿಮ್ಮವ್ವ ಹೇಳ್ತಾರಾ?”

ರವೀಶ್ ತಲೆ ಎತ್ತಲಿಲ್ಲ. ಬರೆದ.

ಥೂ... ಇವನೂ ಒಬ್ಬ ಮನುಷ್ಯನಾ!

ತಲೆ ಕೆಟ್ಟಿದೆ ಎಂದು ಆ ಡಾಕ್ಟರು ಕೊಟ್ಟ ಮಾತ್ರೆ ನುಂಗಿ ಅವ್ವ ಹಗಲೆಲ್ಲ ಮಲಗಿಯೇ ಇರುತ್ತಿದ್ದಳು. ಬಾಯಿಂದ ಜೊಲ್ಲು ಸುರಿದು ದಿಂಬು ನಾರುತ್ತಿತ್ತು. ಒರೆಸುವಾಗ ವರ್ಷಾಳಿಗೆ ಒಮ್ಮೆ ವಾಕರಿಕೆ ಬಂತು. ಹೆತ್ತವಳ ಜೊಲ್ಲಿಗೆ! ತನ್ನ ಮೇಲೇ ಅಸಹ್ಯವಾಗಿ, ಹಿತ್ತಲಿಗೆ ಹೋಗಿ ಅತ್ತಳು.

ಇಪ್ಪತ್ತು ದಿನವಾದ ಮೇಲೆ, ಸಂತೆಯ ದಿನ, ಚೀಟಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಬಂದು ರವೀಶ್ ಬಾಗಿಲಲ್ಲಿ ನಿಂತಿದ್ದ.

“ಯಾಕ್ ಬಂದ್ರಿ? ಇನ್ನೇನ್ ಬರ್ಕೊಳಕೆ?”

“ನಂಗೆ ಗೊತ್ತಿತ್ತು, ವರ್ಷಾ ಅವ್ರೇ. ಗೊತ್ತಿದ್ದೂ ಬರ್ದೆ. ಕೆಲಸ ಹೋಗುತ್ತೆ ಅಂತ ಹೆದರ್ದೆ.”

“ಥೂ!”

“ಉಗೀರಿ...” ಅವನು ಕದಲಲಿಲ್ಲ. “ಆಮೇಲೆ ಡಾಕ್ಟರಿಗೆ ಹೇಳ್ದೆ. ಬೈದ್ರು. ಕೆಲಸ ಬಿಟ್ಬಿಟ್ಟೆ. ಹೊಳೆನರಸೀಪುರದಲ್ಲಿ ಡಾಕ್ಟರ್ ಹಂಸ ಅಂತ ಇದಾರೆ. ನನ್ನವ್ವನ್ನೂ ಅವ್ರಿಗೆ ತೋರಿಸ್ದೆ. ಅವ್ರು ಕೂತು ಕೇಳ್ತಾರೆ.”

ನಂಬಬೇಕೆನಿಸಲಿಲ್ಲ. ಆದರೆ ಒಳಗೆ ಅವ್ವ ಗೊರಗೊರ ಎನ್ನುತ್ತಿದ್ದಳು. ವರ್ಷಾ ಮರುದಿನವೇ ಅವಳನ್ನು ಕರೆದುಕೊಂಡು ಹೊರಟಳು.

ಹಂಸ ಮಾತ್ರೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಒಂದೊಂದಾಗಿ ಕಡಿಮೆ ಮಾಡಿದರು. ಮೂರನೇ ಸಲ ಹೋದಾಗ, ಪಾಪಮ್ಮನ ಪಕ್ಕದ ಬೆಂಚಿನಲ್ಲೇ ಕೂತು ಕೇಳಿದರು.

“ಮೈಗೆ ಏನಾಗುತ್ತವ್ವಾ?”

“ಎದೆ ಮ್ಯಾಲೆ ಕಲ್ಲು ಮಡಗ್ದಂಗಾಯ್ತದೆ ಕಣವ್ವ.”

“ಯಾವ ಹೊತ್ತಲ್ಲಿ?”

ಪಾಪಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಯಾರೂ ಅವಸರ ಮಾಡಲಿಲ್ಲ.

“ರಾಗಿ ಇಟ್ಟು ತೊಳಸೋವಾಗ... ನನ್ ತಂಗಿ ಪಾತ್ರೆ ಒತ್ತಿ ಇಡ್ಕಳೋಳು, ನಾನು ತೊಳಸೋಳು. ಅವ್ಳು ಓಗ್ಬುಟ್ಳು. ಈಗ ಪಾತ್ರೆ ಗರಗರ ತಿರುಗ್ತದೆ... ಇಡ್ಕಳೋರೇ ಇಲ್ಲ!”

ಪಾಪಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಚಿಕ್ಕಮ್ಮನ ಮಣ್ಣು ಮಾಡಿದ ದಿನವೂ ಅವ್ವ ಅತ್ತಿರಲಿಲ್ಲ ಎಂದು ವರ್ಷಾಳಿಗೆ ಆಗ ಹೊಳೆಯಿತು. ಬಾಗಿಲ ಹೊರಗೆ, ಜೊತೆಗೆ ಬಂದಿದ್ದ ರವೀಶ್ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದ.

ಪ್ರತಿ ಗುರುವಾರ ಅವನು ಹೊಳೆನರಸೀಪುರದ ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದ, ಅವ್ವನ ಕೈ ಹಿಡಿದು ಇಳಿಸುತ್ತಿದ್ದ. ಹೆಚ್ಚು ಮಾತಿಲ್ಲ. ಅವನು ಬಾರದ ಒಂದು ಗುರುವಾರ ಮಾತ್ರ, ಛೀ, ಯಾಕೆ ಹುಡುಕ್ತಿದೀನಿ ಅವನನ್ನ... ಎಂದು ವರ್ಷಾ ತನ್ನನ್ನೇ ಬೈದುಕೊಂಡಳು.

ಮುಂದಿನ ವಾರ ಅವ್ವ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಮೂರನೆಯದನ್ನು ತಾನೇ ಕೇಳಿದಳು.

ಹೊರಗೆ ರವೀಶ್ ಮೆಲ್ಲಗೆ ಹೇಳಿದ, “ನಿಮ್ಮನ್ನ ಮದುವೆ ಆಗೋಕಿಷ್ಟ. ಆದ್ರೆ ಕೇಳೋ ಯೋಗ್ಯತೆ ಇಲ್ಲ... ನನ್ ಕಂಡ್ರೆ ಇನ್ನೂ ಹೇಸಿಗೆನಾ?”

ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

“ಒಂಚೂರು ಐತೆ.”

“ಯಾವಾಗ ಹೋಗುತ್ತೆ?”

“ಯಾರಿಗ್ಗೊತ್ತು?” ಅವನ ಕಣ್ಣಿಗೆ ಕಣ್ಣು ಕೊಟ್ಟಳು. “ಮದ್ವೆ ಆದ್ಮೇಲೂ ನಾಕು ವರ್ಷ ಇರಬೌದು. ತಡ್ಕೋತೀರಾ?”